ಹನ್ನೊಂದು ಸುತ್ತು ಬಲಕ್ಕೆ

ಗುಡ್ಡದ ಬಾಯಿ ಸೀಳಿಕೊಂಡು ಕರಿಯ ಗುಳ್ಳೆಯೊಂದು ಊದಿತು. ಅದರ ಚರ್ಮ ಅಲ್ಲಲ್ಲಿ ಬಿರಿದು ಒಳಗಿನ ಕೆಂಡ ಕಂಡಿತು. ಮರುಕ್ಷಣ ಅದು ಒಡೆದು ಚೂರುಚೂರಾಗಿ, ಚೂರುಗಳು ನೀರಿನಲ್ಲಿ ಮೇಲೆ ಹಾರಿ ನಿಧಾನವಾಗಿ ಕೆಳಗೆ ಬೀಳತೊಡಗಿದವು. ಹಿಂದೆಯೇ ಗಂಧಕದ ಹಳದಿ ಮೋಡ ಎದ್ದಿತು. ಇದೆಲ್ಲ ನಡೆದದ್ದು ಸಮುದ್ರದ ಮೇಲ್ಮೈಯಿಂದ ಒಂದು ಕಿಲೋಮೀಟರಿಗೂ ಕೆಳಗೆ, ಸೂರ್ಯನ ಬೆಳಕು ಎಂದೂ ಮುಟ್ಟದ ಜಾಗದಲ್ಲಿ.

ಸಮಿಯು ಅದನ್ನು ನೋಡುತ್ತಿದ್ದದ್ದು ಹಡಗಿನ ಡೆಕ್ಕಿನ ಮೇಲಿದ್ದ ಕಂಟೇನರಿನೊಳಗೆ ಕೂತು. ಎದುರಿಗೆ ಪರದೆಗಳು, ಕೈಯಲ್ಲಿ ಜಾಯ್‌ಸ್ಟಿಕ್. ಕೆಳಗೆ ಇದ್ದದ್ದು ಫೆಕೆ. ಪೆಸಿಫಿಕ್ ಸಾಗರದ ಟೊಂಗಾ ದ್ವೀಪದವರು ಆಕ್ಟೋಪಸ್ಸನ್ನು ಕರೆಯುವ ಹೆಸರನ್ನೇ ಈ ಯಂತ್ರಕ್ಕೂ ಇಟ್ಟಿದ್ದರು. ಸಣ್ಣ ಕಾರಿನಷ್ಟು ದೊಡ್ಡದು. ತಲೆಯ ಮೇಲೆ ತೇಲಿಸುವ ಹಳದಿ ದಿಮ್ಮಿ, ಮುಂದೆ ಎರಡು ಕಬ್ಬಿಣದ ಕೈ, ಸುತ್ತ ಪ್ರೊಪೆಲ್ಲರು. ಮನುಷ್ಯ ಇಳಿದರೆ ಎದೆಗೂಡು ಅಪ್ಪಚ್ಚಿಯಾಗುವ ಆಳದಲ್ಲಿ ಅದು ಓಡಾಡುತ್ತಿತ್ತು. ಹಡಗಿಗೂ ಅದಕ್ಕೂ ಇದ್ದದ್ದು ಒಂದೇ ಸಂಬಂಧ: ಹೆಬ್ಬೆರಳಿಗಿಂತ ದಪ್ಪನಾದ, ಉಕ್ಕಿನ ಎಳೆ ಸುತ್ತಿದ ಕೇಬಲ್. ವಿದ್ಯುತ್ತು ಅದರಲ್ಲಿ ಇಳಿಯುತ್ತಿತ್ತು, ಚಿತ್ರ ಅದರಲ್ಲಿ ಏರುತ್ತಿತ್ತು.

"ಇನ್ನೊಂದು ಸುತ್ತು ಹಾಕು," ಎಂದ ಪಕ್ಕದ ಕುರ್ಚಿಯ ಡಂಕನ್. ಅವನು ತಂಡದ ಮುಖ್ಯಸ್ಥ. ನ್ಯೂಜಿಲೆಂಡಿನವನು, ಟೊಂಗಾದ ರಾಜಧಾನಿ ನುಕುಅಲೋಫಾದಲ್ಲಿ ಮನೆ ಮಾಡಿಕೊಂಡು ಬಹಳ ವರ್ಷವಾಗಿತ್ತು.

"ಬಲಕ್ಕೆ ಹತ್ತು ಆಯ್ತು. ಸಾಕು. ಕೇಬಲ್ಲು ಜಡೆ ಹೆಣ್ಕೊಳ್ಳುತ್ತೆ."

"ಹೆಣ್ಕೊಳ್ಳಲಿ, ಆಮೇಲೆ ಬಿಚ್ಚು. ನಿನ್ನ ಮದುವೇಲಿ ಅಷ್ಟು ಹಂದಿ ಸುಟ್ಟಾಗ್ಲೂ ಇಂಥ ಬೆಂಕಿ ಇರ್ಲಿಲ್ಲ."

"ಅಲ್ಲಿ ತಿಂದಿದ್ದು ನೀನೇ ಜಾಸ್ತಿ," ಎಂದ ಸಮಿಯು. ಜಾಯ್‌ಸ್ಟಿಕ್ ಒತ್ತಿ ಗುಡ್ಡದ ಬಾಯಿಯ ಸುತ್ತ ಮತ್ತೊಮ್ಮೆ ಬಂದ. "ಹನ್ನೊಂದು," ಎಂದು ಗಟ್ಟಿಯಾಗಿ ಹೇಳಿದ.

ಯಂತ್ರ ಒಂದು ಸುತ್ತು ತಿರುಗಿದರೆ ಕೇಬಲ್ಲಿನಲ್ಲಿ ಒಂದು ತಿರುಚು ಬೀಳುತ್ತದೆ. ಬಲಕ್ಕೆ ಎಷ್ಟು ತಿರುಗಿತೋ, ಮೇಲೆ ತರುವ ಮೊದಲು ಅಷ್ಟೇ ಸಲ ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಪರದೆಯ ಮೂಲೆಯಲ್ಲಿ ಅದರ ಅಂಕಿ ಇರುತ್ತದೆ. ಆದರೂ ಈ ಕೆಲಸದವರು ಬಾಯಲ್ಲೂ ಎಣಿಸುತ್ತಾರೆ, ಕುರ್ಚಿ ಬಿಡುವಾಗ ಮುಂದಿನವರಿಗೆ ಮೊದಲು ಹೇಳುವುದೂ ಅದನ್ನೇ.

ಆಗ ಗುಡ್ಡ ಇನ್ನೊಮ್ಮೆ ಸಿಡಿಯಿತು. ಈ ಸಲ ಗುಳ್ಳೆ ಎದ್ದದ್ದು ಫೆಕೆಯ ಹೊಟ್ಟೆಯ ಕೆಳಗೆ. ಕ್ಯಾಮೆರಾ ಆಕಾಶ ನೋಡುವಂತೆ ಮಗುಚಿತು. ಕುಂಬಳಕಾಯಿಯಷ್ಟು ದೊಡ್ಡ ಕಲ್ಲೊಂದು, ಅಂಚಿನಲ್ಲಿ ಇನ್ನೂ ಕೆಂಪಾಗಿದ್ದದ್ದು, ಎಡಗೈಯ ಮೇಲೆ ಬಂದು ಬಿತ್ತು. ಕಬ್ಬಿಣ ಮಡಿಚಿಕೊಂಡದ್ದು ಕಂಡಿತು. ಅಷ್ಟರಲ್ಲಿ ಪರದೆಗಳೆಲ್ಲ ಕಪ್ಪಾದವು.

"ಹೋಯ್ತಾ?" ಎಂದ ಡಂಕನ್.

"ಸುಮ್ನಿರು." ಸಮಿಯು ವಿದ್ಯುತ್ತನ್ನು ಆರಿಸಿ ಮತ್ತೆ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಒಂದೊಂದೇ ಪರದೆ ಕಣ್ಣು ಬಿಟ್ಟಿತು. ಆಳ ಬಂತು, ದಿಕ್ಕು ಬಂತು. ಸುತ್ತಿನ ಅಂಕಿಯೂ ಬಂತು. ಹೊಸದಾಗಿ ಎದ್ದ ಯಂತ್ರಕ್ಕೆ ಹಿಂದಿನದು ನೆನಪಿರುವುದಿಲ್ಲ. ಅಲ್ಲಿ ಸೊನ್ನೆ ಇತ್ತು.

ಸಮಿಯು ಫೆಕೆಯನ್ನು ಹಿಂದಕ್ಕೆ ಎಳೆದುಕೊಂಡು ನಿಲ್ಲಿಸಿದ. ಇಲ್ಲೇ ಬಿಚ್ಚಿಬಿಡೋಣ ಎಂದು ಜಾಯ್‌ಸ್ಟಿಕ್ ಎಡಕ್ಕೆ ಒತ್ತುವಷ್ಟರಲ್ಲಿ ಕಂಟೇನರಿನ ಮುಂದಿನ ಬಾಗಿಲು ತೆರೆಯಿತು. ಬೆಳಕಿಗೆ ಬೆನ್ನು ಮಾಡಿ ಲೂಪೆ ನಿಂತಿದ್ದಳು. ಪರದೆ ಆರಿದ ಸುದ್ದಿ ಕೇಳಿ ತನ್ನ ಪಾಳಿಗೆ ಮೊದಲೇ ಓಡಿಬಂದಿದ್ದಳು.

ಸಮಿಯು ಎದ್ದ. ತಲೆ ತಗ್ಗಿಸಿ, ಒಂದು ಮಾತಾಡದೆ, ಹಿಂದಿನ ಬಾಗಿಲಿನಿಂದ ಹೊರಗೆ ಹೋದ.

ಲೂಪೆ ಅವನ ಅಕ್ಕ. ಒಂದೇ ತಾಯಿಯ ಮಕ್ಕಳು. ಟೊಂಗಾದಲ್ಲಿ ಮೀಸೆ ಚಿಗುರುವ ಹೊತ್ತಿಗೆ ತಮ್ಮನಾದವನು ಅಕ್ಕ ಮಲಗುವ ಸೂರು ಬಿಟ್ಟು ಬೇರೆ ಕಡೆ ಮಲಗುತ್ತಾನೆ. ಅಲ್ಲಿಂದ ಮುಂದೆ ಅವರಿಬ್ಬರೂ ಒಂದು ಕತ್ತಲ ಕೋಣೆಯಲ್ಲಿ ಕೂರುವುದಿಲ್ಲ, ಒಂದು ಪರದೆಯನ್ನು ಒಟ್ಟಿಗೆ ನೋಡುವುದಿಲ್ಲ. ಅಕ್ಕನ ಕಿವಿಗೆ ಬೀಳುವಂತೆ ಹೊಲಸು ಮಾತಾಡಿದವನ ಮುಖ ನೋಡಲು ಊರು ಹೇಸುತ್ತದೆ. ಆದರೆ ಫೆಕೆ ನಡೆಸಲು ಕಲಿತವರು ತಂಡದಲ್ಲಿ ಇವರಿಬ್ಬರೇ. ಅದಕ್ಕೇ ಕಂಟೇನರಿಗೆ ಎರಡನೇ ಬಾಗಿಲು ಕೊರೆಸಿದ್ದು. ಅವಳು ಒಂದರಲ್ಲಿ ಬಂದರೆ ಅವನು ಇನ್ನೊಂದರಲ್ಲಿ ಹೊರಗೆ. ಇಬ್ಬರ ನಡುವಿನ ಮಾತನ್ನು ಡಂಕನ್ ದಾಟಿಸುತ್ತಿದ್ದ. "ನಾನು ಮುಖ್ಯಸ್ಥನೋ, ನಿಮ್ಮಿಬ್ಬರ ಅಂಚೆಯವನೋ?" ಎಂದು ರೇಗುತ್ತಿದ್ದ, ಆದರೂ ದಾಟಿಸುತ್ತಿದ್ದ.

ಹನ್ನೊಂದು ಎಂದು ತಾನು ಹೇಳಿದ್ದು ಡಂಕನ್ನನ ಕಿವಿಗೆ ಬಿದ್ದಿದೆ, ಅವನು ಹೇಳುತ್ತಾನೆ ಎಂದುಕೊಂಡ ಸಮಿಯು. ಕುರ್ಚಿ ಬಿಟ್ಟಿದ್ದಾನೆಂದರೆ ಬಿಚ್ಚಿಯೇ ಬಿಟ್ಟಿರುತ್ತಾನೆ ಎಂದುಕೊಂಡ ಡಂಕನ್.

"ಸುತ್ತು ಎಷ್ಟು?" ಎಂದು ಲೂಪೆ ಕೂರುತ್ತಲೇ ಕೇಳಿದಳು.

"ಕಾಣಲ್ವಾ? ಸೊನ್ನೆ," ಎಂದ ಡಂಕನ್.

ಲೂಪೆ ಉಳಿದ ಕೆಲಸ ಮುಗಿಸಿದಳು. ಗುಡ್ಡದ ಗುಡುಗನ್ನು ದಿನವೂ ಕೇಳಿ ದಾಖಲಿಸುವ ಉಪಕರಣವೊಂದನ್ನು ಅದರ ಬಾಯಿಯ ಹತ್ತಿರ ಇಡಬೇಕಾಗಿತ್ತು. ಇಂಥದೇ ಇನ್ನೊಂದು ಗುಡ್ಡ ಸಿಡಿದು ಊರುಗಳ ಮೇಲೆ ಬೂದಿ ಸುರಿದು, ಸಮುದ್ರ ಮನೆಯೊಳಗೆ ನುಗ್ಗಿದ ವರ್ಷವನ್ನು ಯಾರೂ ಮರೆತಿರಲಿಲ್ಲ. ಮುಂದಿನದರ ಸದ್ದನ್ನಾದರೂ ಮೊದಲೇ ಗುರುತು ಹಿಡಿಯಬೇಕು ಎಂಬ ಆಸೆ. ಎಡಗೈ ಮುರಿದಿದ್ದರಿಂದ ಬಲಗೈ ಒಂದರಲ್ಲೇ ಅದನ್ನು ಎತ್ತಿ, ಬಂಡೆಯ ಸಂದಿನಲ್ಲಿ ಕೂರಿಸಿ, ಫೆಕೆಯನ್ನು ಮೇಲಕ್ಕೆ ಹೊರಡಿಸಿದಳು. ಡೆಕ್ಕಿನ ಮೇಲಿನ ವಿಂಚ್ ಯಂತ್ರ ಕೇಬಲ್ಲನ್ನು ಸುತ್ತಿಕೊಳ್ಳತೊಡಗಿತು.

ಅಷ್ಟು ಉದ್ದದ ಕೇಬಲ್ಲಿನಲ್ಲಿ ಹನ್ನೊಂದು ತಿರುಚು ಹರಡಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಡಗಿನ ಹಿಂತುದಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ತೂಗುಬಿದ್ದಿರುವ ರಾಟೆ ತಿರುಚನ್ನು ಒಳಗೆ ಬಿಡುವುದಿಲ್ಲ, ಕೆಳಕ್ಕೇ ನೂಕುತ್ತದೆ. ಕೇಬಲ್ ಮೇಲೆ ಬಂದಷ್ಟೂ ಅವೆಲ್ಲ ಉಳಿದ ತುಂಡಿಗೆ ಸೇರಿಕೊಂಡವು. ಫೆಕೆ ಮೇಲ್ಮೈಗೆ ಅರವತ್ತು ಮೀಟರು ಇರುವಾಗ ಹನ್ನೊಂದೂ ಆ ಅರವತ್ತು ಮೀಟರಿನಲ್ಲಿದ್ದವು.

ಕೇಬಲ್ಲಿನ ಕೊನೆಯ ಭಾಗಕ್ಕೆ ಅಲ್ಲಲ್ಲಿ ಅದನ್ನು ತೇಲಿಸುವ ಕಿತ್ತಳೆ ಬಣ್ಣದ ಬೆಂಡುಗಳನ್ನು ಸಿಕ್ಕಿಸಿರುತ್ತಾರೆ. ರಾಟೆಗೆ ತಾಗುವ ಮೊದಲು ಯಾರಾದರೂ ಹಡಗಿನ ಅಂಚಿನಲ್ಲಿ ನಿಂತು ಒಂದೊಂದನ್ನೇ ಕಳಚಬೇಕು. ಪಾಳಿ ಮುಗಿಸಿದ ಚಾಲಕನದೇ ಆ ಕೆಲಸ. ಸಮಿಯು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ಅದರ ಕೊಕ್ಕೆಯನ್ನು ಡೆಕ್ಕಿಗೆ ಸಿಕ್ಕಿಸಿ, ಕೈಯಲ್ಲಿ ಸ್ಪ್ಯಾನರು ಹಿಡಿದು ಅಂಚಿನ ಕಂಬಿಗೆ ಒರಗಿ ನಿಂತಿದ್ದ. ಕಳಚಿದ ಬೆಂಡುಗಳನ್ನು ಡೆಕ್ಕಿನ ಮೇಸ್ತ್ರಿ ಕಿತಿಯೋನೆ ಬುಟ್ಟಿಗೆ ಎಸೆಯುತ್ತಿದ್ದ. ವಿಂಚಿನ ಹತ್ತಿರ ಹೆಡ್‌ಸೆಟ್ ಹಾಕಿಕೊಂಡು ಫೆಲೇತಿ ಇದ್ದ. ಗಾಳಿ ಜಾಸ್ತಿಯಾಗಿತ್ತು. ಹಡಗಿನ ಹಿಂಭಾಗ ಅಲೆಯ ಮೇಲೇರಿ ಧಡ್ಡೆಂದು ಕೂರುತ್ತಿತ್ತು.

"ನಿಮ್ಮಕ್ಕ ಓಡ್ಸೋದು ನೋಡು, ಇಗರ್ಜಿಗೆ ಹೋಗೋ ಹಾಗೆ ನಿಧಾನಕ್ಕೆ," ಎಂದ ಕಿತಿಯೋನೆ.

"ಅಕ್ಕನ ಮಾತು ಬೇಡ," ಎಂದ ಸಮಿಯು.

"ಸರಿ ಮಾರಾಯ. ನಿಮ್ಮಪ್ಪನ ಮಾತು ಆಡ್ಬಹುದಾ? ನನ್ನ ಹಂದಿಮರಿ ತಗೊಂಡೋನು..."

ಹಡಗಿನ ಹಿಂಭಾಗ ಕೆಳಕ್ಕೆ ಕುಸಿಯಿತು. ಕೇಬಲ್ ಒಂದು ಉಸಿರಿನಷ್ಟು ಹೊತ್ತು ಸಡಿಲವಾಯಿತು. ಅದು ತನ್ನಷ್ಟಕ್ಕೆ ಹಾವಿನಂತೆ ನುಲಿದುಕೊಳ್ಳುವುದನ್ನು ಸಮಿಯು ಕಂಡ. ಏನಾಗಿದೆ ಎಂಬುದು ಅವನಿಗೆ ಆ ಕ್ಷಣದಲ್ಲೇ ತಿಳಿಯಿತು.

"ಫೆಲೇತಿ, ನಿಲ್ಸು," ಎಂದ. ಮುಂದಿನ ಮಾತು ಬಾಯಲ್ಲೇ ಉಳಿಯಿತು. ಸಡಿಲಾದ ಕೇಬಲ್ ಕುಣಿಕೆಯಾಗಿ ಚಿಮ್ಮಿ, ಕಂಬಿಯ ಮೇಲಿನಿಂದ ಒಳಗೆ ಹಾರಿ, ಅವನ ಬಲಗಾಲಿಗೆ ಬಿತ್ತು. ಅಲೆ ಹಡಗನ್ನು ಎತ್ತಿತು. ಕುಣಿಕೆ ಬಿಗಿಯಿತು. ಕಾಲು ಮೇಲೆದ್ದು ಮೊಣಕಾಲಿನ ಕೆಳಗೆ ಕಂಬಿಗೆ ಬಡಿದು ಅಲ್ಲೇ ನಿಂತಿತು. ಮೂಳೆ ಮುರಿದ ಸದ್ದು ವಿಂಚಿನ ಮೊರೆತದ ಮೇಲೂ ಕೇಳಿಸಿತು.

ಸಮಿಯು ಕಿರುಚಿದ. ಫೆಲೇತಿ ಕೈಗೆ ಸಿಕ್ಕ ಹಿಡಿಯನ್ನು ಎಳೆದು ವಿಂಚಿನಿಂದ ಕೇಬಲ್ ಬಿಟ್ಟ. ಸಡಿಲ ಕೊಟ್ಟರೆ ಬಿಡಿಸಿಕೊಳ್ಳಬಹುದು ಎಂದು ಯಾರಾದರೂ ಮಾಡುವ ಕೆಲಸವೇ. ಆದರೆ ತಿರುಚಿದ ಕೇಬಲ್ಲಿಗೆ ಸಡಿಲ ಸಿಕ್ಕಿದ್ದೇ ಇನ್ನೊಂದು ಕುಣಿಕೆ ಎದ್ದಿತು. ಕಾಲು ಬಿಡಿಸಲು ಚಾಚಿದ್ದ ಎಡಗೈಯ ಮಣಿಕಟ್ಟನ್ನು ಅದು ಹಿಡಿಯಿತು. ಮುಂದಿನ ಅಲೆಗೆ ಎರಡೂ ಒಟ್ಟಿಗೆ ಬಿಗಿದವು. ಚರ್ಮ ಸುಲಿದು, ಕಾಲುಚೀಲದ ಜೊತೆ ಮಾಂಸ ಕೆಳಗೆ ಜಾರಿತು. ಡೆಕ್ಕಿನ ಮೇಲಿನ ಸಮುದ್ರದ ನೀರು ಕೆಂಪಾಗಿ ಅತ್ತಿತ್ತ ಓಡಾಡಿತು.

"ಅಯ್ಯೋ ಕಟ್ ಮಾಡೋ," ಎಂದ ಫೆಲೇತಿ. ವಿಂಚಿನ ಹಿಡಿಯಿಂದ ಕೈ ತೆಗೆದುಬಿಟ್ಟಿದ್ದ.

ಮನುಷ್ಯ ಸಿಕ್ಕಿಕೊಂಡರೆ ಕೇಬಲ್ ಕತ್ತರಿಸು, ಯಂತ್ರ ಹೋದರೆ ಹೋಗಲಿ ಎಂಬುದು ಆ ಹಡಗಿನ ನಿಯಮ. ಅದಕ್ಕೆಂದೇ ರಾಟೆಯ ಹತ್ತಿರ ಉಕ್ಕಿನ ಕತ್ತಿಯಿತ್ತು, ಕೆಳಗೆ ಅದರ ಕೆಂಪು ಹಿಡಿ. ಕಿತಿಯೋನೆ ಅತ್ತ ಓಡಿದ. ಅವನ ಕೈ ಹಿಡಿಗೆ ತಾಗುವಷ್ಟರಲ್ಲಿ ಸಮಿಯು ಸ್ಪ್ಯಾನರನ್ನು ಬೀಸಿ ಎಸೆದ. ಅದು ಕಿತಿಯೋನೆಯ ಹುಬ್ಬಿಗೆ ಬಡಿಯಿತು. ಅವನು ಮಂಡಿಯೂರಿದ. ಕಣ್ಣಿನೊಳಗೆ ರಕ್ತ ಇಳಿಯಿತು.

"ಹುಚ್ಚು ಹಿಡೀತೇನೋ ನಿನಗೆ," ಎಂದ ಕಿತಿಯೋನೆ.

"ಮೇಲೆ ಕತ್ತರಿಸಿದ್ರೆ ಕೆಳಗಿಂದು ನನ್ನನ್ನೇ ಎಳ್ಕೊಂಡು ಹೋಗುತ್ತೆ ಕಣೋ. ಬೆಲ್ಟು ಸೊಂಟ ಹಿಡ್ಕೊಳ್ಳುತ್ತೆ, ಕಾಲು ಹಿಡ್ಕೊಳ್ಳಲ್ಲ."

ಅದು ನಿಜ. ಕತ್ತಿ ಇದ್ದದ್ದು ಕುಣಿಕೆಗಿಂತ ಮೇಲೆ, ಫೆಕೆ ಇದ್ದದ್ದು ಕೆಳಗೆ. ಕುಣಿಕೆಯ ಕೆಳಗಿನ ಕೇಬಲ್ ಹಡಗಿನ ಹೊಟ್ಟೆಗೆ ಅಂಟಿಕೊಂಡು ನೀರಿಗಿಳಿದಿತ್ತು. ಅಲ್ಲಿಗೆ ಯಾರ ಕೈಯೂ ಎಟುಕುತ್ತಿರಲಿಲ್ಲ. ಹಡಗು ಮೇಲೇಳುವಾಗ ಕೇಬಲ್ಲನ್ನು ಹಿಡಿದು ಜಗ್ಗುತ್ತಿದ್ದದ್ದು ಟನ್ನುಗಟ್ಟಲೆ ನೀರನ್ನು ಮೈಗೆ ಕಟ್ಟಿಕೊಂಡ ಯಂತ್ರ. ಕಾಲು ಬಿಡಿಸಲು ಉಳಿದದ್ದು ಒಂದೇ ದಾರಿ: ಕೆಳಗೆ ಫೆಕೆಯನ್ನು ತಿರುಗಿಸಿ ನುಲಿಯನ್ನೇ ಬಿಚ್ಚುವುದು.

ಕಂಟೇನರಿನಲ್ಲಿ ಲೂಪೆಗೆ ಡೆಕ್ಕಿನ ಕ್ಯಾಮೆರಾದಲ್ಲಿ ತಮ್ಮ ಕಾಣುತ್ತಿದ್ದ. ಸಣ್ಣ ಪರದೆ, ಬಣ್ಣವಿಲ್ಲದ ಚಿತ್ರ. ಕಂಬಿಯ ಮೇಲೆ ಬಿದ್ದ ದೇಹ ಪ್ರತಿ ಅಲೆಗೂ ಜಗ್ಗಿ ಜಗ್ಗಿ ಏಳುತ್ತಿತ್ತು.

"ತಿರುಚಿದೆ," ಎಂದಳು. "ಎಷ್ಟು ಸುತ್ತು? ಯಾವ ಕಡೆ?"

ಡಂಕನ್ ಪರದೆಯ ಸೊನ್ನೆ ನೋಡಿದ. "ಮಧ್ಯದಲ್ಲಿ ಆರಿಸಿ ಹಾಕಿದ್ದ," ಎಂದ. "ಅವನು ಎಣಿಸ್ತಿದ್ದ. ನಾನು ಬೆಂಕಿ ನೋಡ್ತಿದ್ದೆ. ಬಲಕ್ಕೋ ಎಡಕ್ಕೋ..."

ಸರಿಯಾದ ಕಡೆ ತಿರುಗಿಸಿದರೆ ಕುಣಿಕೆ ತೆರೆದುಕೊಳ್ಳುತ್ತದೆ. ತಪ್ಪು ಕಡೆ ಒಂದು ಸುತ್ತು ಹೋದರೂ ಸಾಕು, ಕಾಲು ಕಡಿದು ಬೀಳುತ್ತದೆ.

ಆಗ ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಕುಣಿಕೆ ಬಿಗಿದ ಜಾಗದಲ್ಲಿ ಕೇಬಲ್ಲಿನ ಒಳಗಿನ ಹೊದಿಕೆ ಜಜ್ಜಿ ವಿದ್ಯುತ್ತು ಸೋರತೊಡಗಿತ್ತು. ಮೂರು ಸಾವಿರ ವೋಲ್ಟು. ಸುತ್ತಿಕೊಂಡದ್ದು ಒದ್ದೆ ಮನುಷ್ಯನಿಗೆ.

"ಆರಿಸ್ತೀನಿ," ಎಂದು ಡಂಕನ್ ಕೆಂಪು ಗುಂಡಿಯ ಕಡೆ ಕೈ ಚಾಚಿದ.

"ಆರಿಸಿದ್ರೆ ತಿರುಗ್ಸೋದು ಹೇಗೆ?"

"ಸುಟ್ಟು ಹೋಗ್ತಾನೆ ಲೂಪೆ, ಬಿಡು."

ಲೂಪೆ ಬಿಡಲಿಲ್ಲ. ಬಲಗೈ ಜಾಯ್‌ಸ್ಟಿಕ್ಕಿನ ಮೇಲೆಯೇ ಇತ್ತು. ಎಡ ಮೊಣಕೈಯನ್ನು ಹಿಂದಕ್ಕೆ ಬೀಸಿ ಡಂಕನ್ನನ ಮೂಗಿಗೆ ಹೊಡೆದಳು. ಅವನು ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. ಮತ್ತೆ ಏಳಲು ನೋಡಿದಾಗ ಬೂಟುಗಾಲಿನಿಂದ ಎದೆಗೆ ಒದ್ದಳು. ಆಮೇಲೆ ಅವನು ಏಳಲಿಲ್ಲ, ಮೂಗು ಹಿಡಿದುಕೊಂಡು ಬಾಗಿಲಿಗೆ ಒರಗಿ ಕೂತ.

"ಫೆಲೇತಿ," ಎಂದಳು ಮೈಕಿನಲ್ಲಿ. "ನನ್ನ ತಮ್ಮನನ್ನ ಕೇಳು. ಎಷ್ಟು ಸುತ್ತು, ಯಾವ ಕಡೆ."

ಪರದೆಯಲ್ಲಿ ಫೆಲೇತಿ ಸಮಿಯುವಿನ ಕಡೆ ಎರಡು ಹೆಜ್ಜೆ ಹೋಗಿ, ಕಾಲು ನೋಡಿ, ಬಗ್ಗಿ ವಾಂತಿ ಮಾಡಿಕೊಂಡ. ಕಿತಿಯೋನೆ ರಕ್ತ ಒರೆಸಿಕೊಂಡು ಎದ್ದುಬಂದು ಅವನ ತಲೆಯಿಂದ ಹೆಡ್‌ಸೆಟ್ ಕಿತ್ತುಕೊಂಡ.

"ಕೇಳ್ತಿದಾರೆ ಕಣೋ, ಎಷ್ಟು ಸುತ್ತು?"

ಸಮಿಯು ತುಟಿ ಕಚ್ಚಿ ಹಿಡಿದಿದ್ದ. "ಅಕ್ಕನವರಿಗೆ ಹೇಳು..." ಎಂದು ಶುರು ಮಾಡಿದ. ಆ ಸ್ಥಿತಿಯಲ್ಲೂ ಅವನಿಗೆ ಬಂದದ್ದು ಅದೇ ರೂಢಿ. ಅಲೆ ಎತ್ತಿತು. ಮಾತು ಕಿರುಚಾಟವಾಯಿತು. ಇಳಿಯಿತು. "ಅವರಿಗೆ ಹೇಳು, ಫೆಕೆನ..." ಮತ್ತೆ ಎತ್ತಿತು. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಸಿಗುತ್ತಿದ್ದ ಬಿಡುವಿನಲ್ಲಿ ಮರ್ಯಾದೆಯ ಮಾತು ಹಿಡಿಯುತ್ತಿರಲಿಲ್ಲ.

ಅವನು ಉಳಿದ ಒಂದು ಕೈಯಿಂದ ಕಿತಿಯೋನೆಯ ಅಂಗಿ ಹಿಡಿದು ಎಳೆದು, ಹೆಡ್‌ಸೆಟ್ಟನ್ನು ತನ್ನ ಬಾಯಿಗೆ ಒತ್ತಿಕೊಂಡ. ಹದಿನೈದು ವರ್ಷದವನಿದ್ದಾಗಿನಿಂದ ಆ ಅಕ್ಕನಿಗೆ ಮುಖ ಕೊಟ್ಟು ಅವನು ಒಂದು ಮಾತು ಆಡಿರಲಿಲ್ಲ.

"ಬಲಕ್ಕೆ ಹನ್ನೊಂದು ಆಗಿದೆ. ಎಡಕ್ಕೆ ತಿರುಗ್ಸೇ ಮುಂಡೆ. ಎಡಕ್ಕೆ."

ಕಿತಿಯೋನೆ ಕಣ್ಣು ಮುಚ್ಚಿಕೊಂಡ. ಕಂಟೇನರಿನ ನೆಲದ ಮೇಲಿದ್ದ ಡಂಕನ್ ತಲೆ ತಗ್ಗಿಸಿದ.

ಲೂಪೆ ಜಾಯ್‌ಸ್ಟಿಕ್ ಎಡಕ್ಕೆ ಒತ್ತಿದಳು. ಫೆಕೆ ನಿಂತಲ್ಲೇ ತಿರುಗತೊಡಗಿತು. ಬೇಗ ತಿರುಗಿಸಿದರೆ ಕೇಬಲ್ ಮೇಲಿನವರೆಗೆ ಬಿಚ್ಚಿಕೊಳ್ಳದೆ ಅಲ್ಲೇ ಗಂಟಾಗುತ್ತದೆ. ನಿಧಾನವಾದರೆ ಪ್ರತಿ ಅಲೆಯೂ ಒಂದು ಎಳೆ ಮಾಂಸ ಕೇಳುತ್ತದೆ. "ಒಂದು," ಎಂದಳು. ಪರದೆಯಲ್ಲಿ ಏನೂ ಬದಲಾಗಲಿಲ್ಲ. "ಎರಡು." ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. "ಮೂರು." ಮೈಕು ತೆರೆದೇ ಇತ್ತು. ತಮ್ಮನ ಬಾಯಿಂದ ಬರುತ್ತಿದ್ದದ್ದೆಲ್ಲ ಅವಳ ಕಿವಿಗೆ ನೇರವಾಗಿ ಬೀಳುತ್ತಿತ್ತು. ಕೇಬಲ್ಲನ್ನು, ಗುಡ್ಡವನ್ನು, ಹಡಗನ್ನು, ದೇವರನ್ನು, ಅವಳನ್ನು ಅವನು ಬಿಡದೆ ಬೈಯುತ್ತಿದ್ದ. ಅವಳು ಮೈಕು ಆರಿಸಲಿಲ್ಲ. ಬೈಯುತ್ತಿದ್ದಾನೆ ಎಂದರೆ ಬದುಕಿದ್ದಾನೆ.

ಐದನೆಯ ಸುತ್ತಿಗೆ ಕೈಯ ಕುಣಿಕೆ ಸಡಿಲವಾಯಿತು. ಕಿತಿಯೋನೆ ಮಣಿಕಟ್ಟನ್ನು ಎಳೆದುಕೊಂಡ. ಅದು ಬಟ್ಟೆಯ ಗೊಂಬೆಯ ಕೈಯಂತೆ ಜೋಲಿತು. ಏಳಕ್ಕೆ ಸಮಿಯುವಿನ ಬೈಗುಳ ನಿಂತಿತು.

"ಮಾತಾಡ್ಸು ಅವನನ್ನ," ಎಂದಳು ಲೂಪೆ. "ಕಿತಿಯೋನೆ, ಹೊಡಿ ಅವನಿಗೆ. ಬೈಯಲಿ."

ಕಿತಿಯೋನೆ ಗೆಳೆಯನ ಕೆನ್ನೆಗೆ ಬಾರಿಸಿದ. ಇನ್ನೊಮ್ಮೆ ಬಾರಿಸಿದ. "ನಿನ್ನಜ್ಜಿ..." ಎಂದು ಸಮಿಯು ಗೊಣಗಿದ.

"ಎಂಟು," ಎಂದಳು ಲೂಪೆ.

ಒಂಬತ್ತಕ್ಕೆ ಕಾಲಿನ ಕುಣಿಕೆ ಕಣ್ಣು ಬಿಟ್ಟಂತೆ ತೆರೆಯಿತು. ಹಡಗು ಕೆಳಗಿಳಿಯುವುದನ್ನೇ ಕಾದು ಕಿತಿಯೋನೆ ಅವನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಬಿದ್ದ. ಇಬ್ಬರೂ ಡೆಕ್ಕಿನ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ಕಾಲು ಬಂತು. ಮೊಣಕಾಲಿನ ಕೆಳಗೆ ಅದು ಚರ್ಮ ಮತ್ತು ನರದಿಂದಷ್ಟೇ ಅಂಟಿಕೊಂಡಿತ್ತು. ಕಿತಿಯೋನೆ ತನ್ನ ಬೆಲ್ಟು ಬಿಚ್ಚಿ ತೊಡೆಗೆ ಕಟ್ಟಿ, ಸ್ಪ್ಯಾನರು ತೂರಿಸಿ ತಿರುವಿದ. ಸ್ವಲ್ಪ ಹೊತ್ತಿನ ಮೊದಲು ತನ್ನ ಹುಬ್ಬು ಒಡೆದ ಸ್ಪ್ಯಾನರೇ ಅದು.

ಲೂಪೆ ಹತ್ತು, ಹನ್ನೊಂದು ಎಂದು ಎಣಿಸಿ ಮುಗಿಸಿದಳು. ಆಮೇಲೆ ಕೆಂಪು ಗುಂಡಿಯನ್ನು ತಾನೇ ಒತ್ತಿದಳು.

ಹಡಗು ವವಾಉ ಬಂದರಿನ ಕಡೆ ತಿರುಗಿತು. ದಾರಿಯುದ್ದಕ್ಕೂ ಲೂಪೆ ತಮ್ಮ ಮಲಗಿದ್ದ ಕೋಣೆಯ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಒಳಗೆ ಹೋಗಲಿಲ್ಲ. ಕಿತಿಯೋನೆ ಬಾಗಿಲಲ್ಲಿ ನಿಂತು, ಅವನಿಗೆ ನೀರು ಕುಡಿಸಿದೆ, ಅವನು ನರಳುತ್ತಿದ್ದಾನೆ, ನಿದ್ದೆ ಹೋದ ಎಂದು ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನಲ್ಲಿ ತೆಗೆದರು. ಕೈ ಉಳಿಯಿತು.

ಸಮಿಯು ಊರಿಗೆ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಲೂಪೆಯ ಮನೆಯ ಅಂಗಳಕ್ಕೆ ಬಂದ. ಸೊಂಟಕ್ಕೆ ಹರಿದ ಹಳೆಯ ಚಾಪೆ ಸುತ್ತಿಕೊಂಡಿದ್ದ, ಕೊರಳಲ್ಲಿ ಇಫಿ ಮರದ ಎಲೆಯ ಹಾರ. ದೊಡ್ಡ ತಪ್ಪು ಮಾಡಿದವರು ಕ್ಷಮೆ ಕೇಳಲು ಬರುವುದು ಹಾಗೆಯೇ. ಕಿತಿಯೋನೆ ಅವನನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತ. ಹುಬ್ಬಿನ ಮೇಲಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಡಂಕನ್ ಬೇಲಿಯ ಹತ್ತಿರ ನಿಂತಿದ್ದ, ಮೂಗಿನ ಮೇಲೆ ಬ್ಯಾಂಡೇಜು.

ಮನೆಯ ಬಾಗಿಲು ಅರ್ಧ ತೆರೆದಿತ್ತು. ಲೂಪೆ ಅದರ ಹಿಂದೆ ನಿಂತಿರುವುದು ಎಲ್ಲರಿಗೂ ಗೊತ್ತಿತ್ತು.

"ಅಕ್ಕನವರಿಗೆ ಹೇಳು," ಎಂದ ಸಮಿಯು, ಕಣ್ಣು ನೆಲದ ಮೇಲಿಟ್ಟು. "ಕಾಲು ಹೋಯ್ತು, ಅದು ಹೋಗ್ಲಿ. ಆಡಿದ ಮಾತು ವಾಪಸ್ ತಗೊಳ್ಳೋಕೆ ಬಂದಿದೀನಿ ಅಂತ."

"ಕಾಲು ಹೋದ್ರೆ ಹೋಗ್ಲಿ, ಮಾತು ವಾಪಸ್ ಕೊಡ್ಬೇಕಂತೆ," ಎಂದ ಕಿತಿಯೋನೆ ಬಾಗಿಲಿಗೆ. ಹತ್ತು ಹೆಜ್ಜೆ ದೂರವೂ ಇರಲಿಲ್ಲ.

ಅಂಗಳದಲ್ಲಿ ಹಂದಿಯೊಂದು ಅವರ ಸುತ್ತ ಮೂಸುತ್ತ ಹೋಯಿತು.

"ಕಿತಿಯೋನೆ, ನನ್ನ ತಮ್ಮನಿಗೆ ಹೇಳು," ಎಂದಳು ಲೂಪೆ. "ಜಾಯ್‌ಸ್ಟಿಕ್ ಹಿಡಿಯೋಕೆ ಕಾಲು ಬೇಡ. ಕೈ ಸರಿಯಾದ್ಮೇಲೆ ಕೆಲಸಕ್ಕೆ ಬರಲಿ. ನಾನು ಬಂದಾಗ ಎಂದಿನ ಹಾಗೆ ಹಿಂದಿನ ಬಾಗಿಲಿಂದಾನೇ ಹೋಗಲಿ. ಆದರೆ ಹೋಗೋ ಮೊದಲು ಬಾಗಿಲಲ್ಲಿ ನಿಂತು ಸುತ್ತಿನ ಲೆಕ್ಕ ಅವನೇ ನನಗೆ ಹೇಳಬೇಕು. ಮಧ್ಯದಲ್ಲಿ ಯಾರೂ ಬೇಡ."

ಬೇಲಿಯ ಹತ್ತಿರ ಡಂಕನ್ ಹಣೆ ಒರೆಸಿಕೊಂಡ. ಕಿತಿಯೋನೆ ಮಾತನ್ನು ಹಾಗೆಯೇ ತಿರುಗಿ ಹೇಳಿದ. ಸಮಿಯು ಯೋಚಿಸಿದ.

"ಕೇಳು, ಎಷ್ಟು ಜೋರಾಗಿ ಹೇಳ್ಬೇಕು ಅಂತ."

"ಮೊನ್ನೆ ಡೆಕ್ಕಿನ ಮೇಲೆ ಹೇಳಿದಷ್ಟೇ ಜೋರಾಗಿ," ಎಂದಳು ಲೂಪೆ. "ಆ ಒಂದು ಪದ ಬಿಟ್ಟು."

ಕಿತಿಯೋನೆಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಹೊಲಿಗೆ ಎಳೆದು ಹಣೆ ಹಿಡಿದುಕೊಂಡ. ಸಮಿಯು ನಗಲಿಲ್ಲ. ಬಾಗಿಲು ಪೂರ್ತಿ ತೆರೆಯಿತು. ಲೂಪೆ ಅಂಗಳಕ್ಕೆ ಇಳಿದು ಬಂದು, ತಮ್ಮನ ಮುಖ ನೋಡದೆ, ಬಗ್ಗಿ ಅವನ ಕೊರಳಿನ ಎಲೆಯ ಹಾರವನ್ನು ತೆಗೆದುಕೊಂಡು ಒಳಗೆ ಹೋದಳು.